ಷರಾ

ಪಾಟೋದ ಮೂರನೇ ಮಾಳಿಗೆ. ಫ್ಯಾನು ಕತ್ತು ತಿರುಗಿಸುವುದು
ಎಡಕ್ಕೆ ಮಾತ್ರ. ನನ್ನ ಮುಂದೆ
ಫೆರಿಗಳ ವೇಳಾಪಟ್ಟಿಯ ಹಳೇ ಕೋಡು.
ಬರೆದವನು ಆನಿಸೆತ್ ಕುಲಾಸೊ,
ನಿವೃತ್ತನಾಗಿ, ಹೋದ ಮಾರ್ಚಿನಲ್ಲಿ ತೀರಿಕೊಂಡ.

ಪ್ರತಿ ಫಂಕ್ಷನ್ನಿನ ನೆತ್ತಿಯ ಮೇಲೂ ಒಂದು ಟಿಪ್ಪಣಿ:
ಓರೆಗೆರೆ, ಎರಡು ನಕ್ಷತ್ರ,
ಆಮೇಲೆ ಸಾಲಿಗೊಂದು ನಕ್ಷತ್ರ, ಎಡಕ್ಕೆ,
ದಕ್ಕೆಯ ಬದಿಗೆ ಹೊಡೆದ ಗೂಟಗಳ ಹಾಗೆ.
ಕೋಡು ಓಡಿಸುವ ಯಂತ್ರ ಇವನ್ನು ಓದುವುದಿಲ್ಲ,
ಪಾಸಿನವರನ್ನು ದಾಟಿ ಹೋಗುವ ಕಂಡಕ್ಟರಿನಂತೆ
ದಾಟಿ ಹೋಗುತ್ತದೆ.

ಓದುವುದು ಬೇರೊಂದು. ಬೆಳಿಗ್ಗೆಯಷ್ಟೇ ಹಾಕಿಕೊಂಡ ಉಪಕರಣ.
ಟಿಪ್ಪಣಿ ಓದಿ, ಕೆಳಗಿನ ಕೋಡನ್ನೂ ಓದಿ
ಹೆಣ್ಣು ನೋಡಲು ಬಂದ ಸೋದರತ್ತೆಯ ಹಾಗೆ
ಹೇಳಿದ್ದಕ್ಕೂ ಕಂಡದ್ದಕ್ಕೂ ತಾಳೆ ನೋಡುತ್ತದೆ.

@ಪ್ಯಾರಮ್ ಉಬ್ಬರ: ಅಂಕಿ, ಮೀಟರಿನಲ್ಲಿ.
@ಪ್ಯಾರಮ್ ಮಂಜು: ಹೌದು ಅಥವಾ ಅಲ್ಲ.
@ರಿಟರ್ನ್ಸ್: ಫೆರಿ ಬಿಡುವ ಹೊತ್ತು.

ಇಷ್ಟಿದ್ದರೆ ಸಾಕು, ಪುಟ ಕಟ್ಟಿಕೊಡುತ್ತದೆ,
ಅಕಾರಾದಿ, ನೀಲಿ ಕೊಂಡಿ ಸಮೇತ.
ನಾನು ಟೈಪಿಸುವಾಗ ಕರ್ಸರಿನ ಮಗ್ಗುಲಲ್ಲಿ
ಪುಟ್ಟ ಪೆಟ್ಟಿಗೆಯೊಂದು ತೆರೆದು
ಆನಿಸೆತ್ ಪಿಸುಗುಡುತ್ತಾನೆ:
ಮೀಟರು, ಬಾಯ್, ಅಡಿ ಅಲ್ಲ.

ನಲವತ್ತೊಂದು ಎಚ್ಚರಿಕೆ. ಎಲ್ಲ ಹಳದಿ.
ಇಲ್ಲದ ಫಂಕ್ಷನ್ನಿನ ಕಡೆ ಕೈ ತೋರುವ ಒಂದು @ಸೀ.
ಅಂಕಿ ಕೊಡುತ್ತೇನೆಂದು ಬರೆದು ಏನೂ ಕೊಡದವು ಎರಡು.
@ಡೆಪ್ರಿಕೇಟೆಡ್: ಸೇತುವೆ ಬಂತು, ಈ ದಾರಿ ಬಳಸಬೇಡಿ.
ಸೇತುವೆ ಬಂದಿಲ್ಲ. ನೀರಲ್ಲಿ ಎರಡು ಕಂಬ ನಿಂತಿವೆ,
ಮೇಲೊಂದು ನೀರುಕಾಗೆ, ರೆಕ್ಕೆ ಒಣಹಾಕಿಕೊಂಡು.

ಒಂದೊಂದೇ ತಿದ್ದಿದೆ. ಮಧ್ಯಾಹ್ನ ಪೋಯಿಯೊಳಗೆ ಆಮ್ಲೆಟ್ಟು.
ಮೂರೂವರೆಗೆ ಸಿಕ್ಕಿತು:
ಗುರುವಾರ, ಕೊನೆಯ ಫೆರಿ, ಹೊತ್ತಿಗೆ ಏಳು ಕೂಡಿಸು.
ಯಾಕೆ ಏಳು?
ಎರಡು ಓರೆಗೆರೆಯ ಹಿಂದೆ ಒಂದೇ ಸಾಲು, ಕೊಂಕಣಿಯಲ್ಲಿ:
ಅವಳು ಬರಲಿ.
ನಕ್ಷತ್ರ ಇಲ್ಲದ ಸಾಲು. ಉಪಕರಣದ ಕಣ್ಣಿಗೆ ಬೀಳದು.

ಅವ್ವ ಝುವಾರಿನಗರದ ಅಂಗನವಾಡಿಯಲ್ಲಿದ್ದಳು.
ಅವಳ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ತೂಕ,
ಕೊನೆಗೆ ಬೆರಳಗಲದ ಒಂದು ಕಾಲಮ್ಮು.
ಮರಾಠಿಯಲ್ಲಿ ಶೇರಾ, ನಮ್ಮಲ್ಲಿ ಷರಾ.
ಮೇಲಿನಿಂದ ಬಂದವರು ತೂಕ ಕೂಡಿಸಿಕೊಂಡು ಹೋಗುವರು.
ಷರಾದಲ್ಲಿ ಅವ್ವನ ಇರುವೆ ಅಕ್ಷರ:
ಮಂಗಳವಾರ ಇವನ ತಾಯಿಗೆ ಬಂದರಿನ ಪಾಳಿ, ತಡ.
ಎರಡು ಉಂಡೆ ಹೆಚ್ಚು ಕೊಡುವುದು.

ಗುರುವಾರ ಹೋದೆ. ದಕ್ಕೆಯಲ್ಲಿ ಹಗ್ಗದ ಬಾಬ್ಲೊ
ತಂಬಾಕು ಉಗುಳಿ ಹೇಳಿದ:
ಎಸ್ಪೆರಾನ್ಸಾ. ಆಸ್ಪತ್ರೆಯಲ್ಲಿ ರಕ್ತ ತೊಳೆಸಿಕೊಂಡು ಬರುವಳು.
ಬಸ್ಸಿಳಿದು ಇಲ್ಲಿಗೆ ನಡೆಯಲು ಅವಳಿಗೆ ಅಷ್ಟು ಹೊತ್ತು.
ಈಗ?
ಈಗಿಲ್ಲ. ಎರಡು ವರ್ಷವಾಯ್ತು.
ಮತ್ತೆ ಕಾಯುವುದು?
ಮಷೀನು ಹೇಳುತ್ತದಲ್ಲ ಬಾಯ್, ಕಾಯುತ್ತೇವೆ.

ಅಷ್ಟರಲ್ಲಿ ಕೆಟ್ಟ ಸ್ಕೂಟರು ತಳ್ಳಿಕೊಂಡು
ಹುಡುಗನೊಬ್ಬ ಏದುತ್ತ ಹತ್ತಿದ.
ಹಿಂದೆ ಖಾಲಿ ಬುಟ್ಟಿಯ ಮೀನಿನವರು ಇಬ್ಬರು,
ಇನ್ನೂ ಹೊತ್ತಿದೆಯೆಂದು ಬಲ್ಲವರ ನಡಿಗೆಯಲ್ಲಿ,
ಯಾರದೋ ಸೊಸೆಯ ಮಾತು ಮುಗಿಸುತ್ತ.

ಈ ಉಪಕರಣಕ್ಕೆ ಹೊಸ ಗುರುತು ಕಲಿಸಬಹುದು,
ಎರಡು ಸಾಲಿನ ಕೆಲಸ. ಶುಕ್ರವಾರ ಕಲಿಸಿದೆ: @ಷರಾ.
ಅವನ ಓರೆಗೆರೆ ಅಳಿಸಿ ನಕ್ಷತ್ರ ಇಟ್ಟೆ.
ಅವನ ಸಾಲು ಹಾಗೇ ಇದೆ. ಕೆಳಗೆ ನನ್ನದು:
ಏಳು. ತೆಗೆಯುವ ಮೊದಲು ಸ್ಕೂಟರಿನ ಹುಡುಗನನ್ನು ಕೇಳಿ.

ಪುಟ ಕಟ್ಟಿತು. ಪಕ್ಕದ ಪಟ್ಟಿಯಲ್ಲಿ ಹೊಸ ತಲೆಬರಹ,
ಅದರ ಕೆಳಗೆ ಒಂದೇ ನಮೂದು.
ಎಚ್ಚರಿಕೆಯೂ ಒಂದೇ ಉಳಿದಿದೆ:
@ಆಥರ್ ಆನಿಸೆತ್ ಕುಲಾಸೊ, ಈ ವಿಳಾಸ ತಲುಪುತ್ತಿಲ್ಲ.

ಅದನ್ನು ಮುಟ್ಟಲಿಲ್ಲ. ಇರಲಿ, ಹಳದಿ.